ಎಂಟು ಕುರ್ಚಿ, ಒಂದು ಎಡಗೈ

ಓಬೋ ಇಲ್ಲ, ಬಸೂನ್ ಇಲ್ಲ, ಹಾರ್ನ್ ಇಲ್ಲ. ಊದುವ ವಾದ್ಯಗಳ ಇಷ್ಟು ಇಲ್ಲಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ ಡಾಕ್ಟರು, "ಆದ್ರೂ ಮಾಡುವ ಟೀಚರ್, ಎಂತಾದ್ರೂ ದಾರಿ ಉಂಟು," ಎಂದರು. ಅವರು ಮಣಿಪಾಲದಲ್ಲಿ ಅರಿವಳಿಕೆ ಕೊಡುವ ವೈದ್ಯರು. ವಾರದ ಆರು ದಿನ ಜನರ ಎಚ್ಚರ ತಪ್ಪಿಸುತ್ತಾರೆ, ಏಳನೆಯ ದಿನ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕಲೆಹಾಕಿ ಹದಿನೆಂಟು ಮಂದಿಯ ಒಂದು ವಯಲಿನ್, ಚೆಲ್ಲೊ ತಂಡ ನಡೆಸುತ್ತಾರೆ. ನಾನು ಆದಿ ಉಡುಪಿಯ ಒಂದು ಅಂಗಡಿಯ ಮಾಳಿಗೆಯಲ್ಲಿ ಮಕ್ಕಳಿಗೆ ವಯಲಿನ್, ಕೀಬೋರ್ಡ್ ಕಲಿಸಿ ಪರೀಕ್ಷೆಗೆ ಕೂರಿಸುವವಳು. ನನ್ನನ್ನು ಕರೆದದ್ದು ನುಡಿಸಲಿಕ್ಕಲ್ಲ, ಬರೆಯಲಿಕ್ಕೆ.

ಅವರ ಮೇಜಿನ ಮೇಲೆ ಒಂದು ದಪ್ಪ ಸ್ವರಪುಸ್ತಕ ಇತ್ತು. ಮುನ್ನೂರು ವರ್ಷದ ಹಿಂದೆ ಯುರೋಪಿನ ಯಾವುದೋ ಅರಮನೆಯ ತೋಟದಲ್ಲಿ ಆಡಿಸಿದ ಒಪೆರಾ, ಅಂದರೆ ಉದ್ದಕ್ಕೂ ಹಾಡಿನಲ್ಲೇ ನಡೆಯುವ ನಾಟಕ. ಕಥೆ ಕುರಿಗಾಹಿಗಳದ್ದು. ಒಬ್ಬ ಕುರಿಗಾಹಿ, ಅವನನ್ನು ಒಲಿದ ಒಬ್ಬಳು, ಅಸೂಯೆಪಡುವ ಒಂದು ಕಾಡಿನ ದೇವತೆ. ನಡುವೆ ಹುಡುಗ ಸತ್ತನೆಂದು ಎಲ್ಲರೂ ಅಳುತ್ತಾರೆ, ಕೊನೆಗೆ ಅವನು ಎದ್ದು ಬಂದು ಮದುವೆಯಾಗುತ್ತದೆ. ಅರಮನೆಯಲ್ಲಿ ಕೂತು ಕುರಿ ಕಾಯುವವರ ಸುಖದ ಬಗ್ಗೆ ನಿಟ್ಟುಸಿರು ಬಿಡುವುದು ಆ ಕಾಲದ ದೊಡ್ಡವರ ಶೋಕಿ. ನಂತರದ ಕಾಲದವರು ಯಾರೋ ಹಾಡುಗಳನ್ನೆಲ್ಲ ಕಿತ್ತು, ಬರೀ ವಾದ್ಯಕ್ಕೆ ಒಗ್ಗುವ ಐದು ತುಣುಕುಗಳನ್ನು ಆರಿಸಿ ಒಂದು ಸರಣಿ ಮಾಡಿದ್ದರು. ಪೀಠಿಕೆ, ಕುರಿಗಾಹಿಗಳ ಕುಣಿತ, ಶೋಕ, ಬೇಟೆ, ಮದುವೆ. ಒಟ್ಟು ಇಪ್ಪತ್ತೈದು ನಿಮಿಷ.

ಡಾಕ್ಟರು ಕಂಡುಕೊಂಡ ದಾರಿ ನನಗೂ ಹಿಡಿಸಿತು. ಅವರು ಕಾಪುವಿನಲ್ಲಿ ಪರಿಚಯದವರ ಸಾವಿಗೆ ಹೋದಾಗ ಶವದ ಮುಂದೆ ಒಂದು ಬ್ಯಾಂಡ್ ನಡೆಯುತ್ತಿತ್ತಂತೆ. ಕ್ಲಾರಿನೆಟ್, ಕಾರ್ನೆಟ್, ಟೆನರ್ ಹಾರ್ನ್, ಯುಫೋನಿಯಂ. "ಎಂತ ಸ್ವರ ಮಾರಾಯ್ರೆ! ಎಲ್ಲರೂ ಐದು ಗೆರೆಯ ನೊಟೇಶನ್ ನೋಡಿಯೇ ನುಡಿಸುವವರು. ಓಬೋ ಜಾಗಕ್ಕೆ ಅವರ ಕ್ಲಾರಿನೆಟ್, ಬಸೂನ್ ಜಾಗಕ್ಕೆ ಯುಫೋನಿಯಂ. ನೀವು ಅವರಿಗೆ ಸರಿಹೊಂದಿಸಿ ಬರೆದುಕೊಡಿ, ಸಾಕು," ಎಂದರು. ಆಗಸ್ಟ್ ಕೊನೆಗೆ ಕಾರ್ಕಳದ ಒಂದು ಶಾಲೆಯಲ್ಲಿ ಪ್ರಾಯೋಗಿಕವಾಗಿ ಒಂದು ಪ್ರದರ್ಶನ, ಮೂರು ವಾರ ಬಿಟ್ಟು ಮಣಿಪಾಲದ ದೊಡ್ಡ ಸಭಾಂಗಣದಲ್ಲಿ ನಿಜವಾದದ್ದು. ಕರಪತ್ರದಲ್ಲಿ ವಾದ್ಯ ಸಂಯೋಜನೆ ಎಂದು ನನ್ನ ಹೆಸರು. ನಲವತ್ತಾರು ವರ್ಷದಲ್ಲಿ ನನ್ನ ಹೆಸರು ಅಚ್ಚಾದದ್ದು ಮದುವೆ ಕಾಗದದಲ್ಲಿ ಮಾತ್ರ, ಹಾಗಾಗಿ ಒಪ್ಪಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜೂನ್ ಮೊದಲ ಭಾನುವಾರ ಬಸ್ಸು ಹತ್ತಿ ಕಟಪಾಡಿ ದಾಟಿ ಕಾಪುವಿನಲ್ಲಿ ಇಳಿದೆ. ಕಡಲಿನ ಕಡೆ ಹೋಗುವ ದಾರಿಯಲ್ಲಿ ಬ್ಯಾಂಡ್ ಮಾಸ್ಟ್ರ ಮನೆ, ಮನೆಯ ಹಿಂದೆ ಶೀಟ್ ಹೊದಿಸಿದ ಬ್ಯಾಂಡ್ ರೂಮು. ಮಾಸ್ಟ್ರಿಗೆ ಎಪ್ಪತ್ತರ ಮೇಲೆ ವಯಸ್ಸು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮಾತು ಕಡಿಮೆ. ಅವರದು ಕೊಂಕಣಿ, ಬ್ಯಾಂಡಿನ ಉಳಿದವರಲ್ಲಿ ಹೆಚ್ಚಿನವರದು ತುಳು, ನಾನು ಕುಂದಾಪುರದ ಕಡೆಯವಳಾದ್ದರಿಂದ ನನ್ನೊಡನೆ ಎಲ್ಲರದೂ ಕನ್ನಡ. ಏಳು ಜನ ಗೋಡೆಗೆ ಒರಗಿ ನಿಂತು ಹುಣಸೆಹುಳಿ ಹಾಕಿ ಹಿತ್ತಾಳೆ ಉಜ್ಜುತ್ತಿದ್ದರು. ಕಡಲ ಗಾಳಿಗೆ ಒಂದು ವಾರ ಬಿಟ್ಟರೆ ಕಿಲುಬು ಹಿಡಿಯುತ್ತದೆ.

ನಾನು ಕಥೆ ಹೇಳಿದೆ. ಮಾಸ್ಟ್ರು ಕೊನೆಯವರೆಗೆ ಕೇಳಿ, "ಹಾಗಾದ್ರೆ ಒಂದು ಸಾವು, ಒಂದು ಮದುವೆ. ಎರಡೂ ನಮ್ಮದೇ ಕೆಲಸ ಅಲ್ವಾ ಟೀಚರ್?" ಎಂದು ನಕ್ಕರು. ನಗುವಾಗ ಅವರ ಮುಂದಿನ ಎರಡು ಹಲ್ಲುಗಳು ಸ್ವಲ್ಪ ಮುಂದಕ್ಕೆ ಬಾಗಿದ್ದು ಕಂಡಿತು. ನಾನು ನೋಡಿದ್ದನ್ನು ಅವರೂ ಕಂಡರು.

"ಅಲ್ಲಾಡ್ತಾ ಉಂಟು. ಇವು ಹೋದ್ರೆ ಕ್ಲಾರಿನೆಟ್ ಕಚ್ಚಿ ಹಿಡಿಲಿಕ್ಕೆ ಆಗುದಿಲ್ಲ. ಮತ್ತೆ ನಾನು ಡ್ರಮ್ ಹೊರುವುದೇ," ಎಂದರು. ಮತ್ತೆ ಹೇಳಿದರು. "ಐವತ್ತು ವರ್ಷ ಆಗ್ತಾ ಬಂತು ಟೀಚರ್. ನಿಂತು ನುಡಿಸಿದ್ದೇನೆ, ನಡೆದು ನುಡಿಸಿದ್ದೇನೆ. ನಮ್ಮ ಹಿಂದೆ ಯಾವಾಗ್ಲೂ ಒಂದೋ ಹೆಣ, ಇಲ್ಲದಿದ್ರೆ ಮದುಮಗಳು. ಜನ ಅವರನ್ನು ನೋಡ್ತಾರೆ, ನಮ್ಮನ್ನು ಯಾರು ಕೇಳ್ತಾರೆ? ಒಮ್ಮೆ ಕುರ್ಚಿಯಲ್ಲಿ ಕೂತ್ಕೊಂಡು ನುಡಿಸ್ಬೇಕು. ಜನ ಮಾತಾಡದೆ ಕೇಳ್ಬೇಕು. ಅಷ್ಟೇ ನನಗಿರುದು. ಕುರ್ಚಿ ಉಂಟಲ್ವಾ ಅಲ್ಲಿ?"

"ಎಂಟು ಕುರ್ಚಿ ಉಂಟು," ಎಂದೆ. ಆ ಮಾತನ್ನು ನಾನು ಕೊಟ್ಟದ್ದು, ಡಾಕ್ಟರಲ್ಲ.

ಬರೆಯುವ ಕೆಲಸ ಹೊರಗಿನವರಿಗೆ ಕಾಣುವಷ್ಟು ಸುಲಭದ್ದಲ್ಲ. ಬ್ಯಾಂಡಿನ ಕ್ಲಾರಿನೆಟ್ ಬರೆದ ಸ್ವರಕ್ಕಿಂತ ಒಂದು ಸ್ವರ ತಗ್ಗಿ ಕೇಳುತ್ತದೆ. ವಯಲಿನ್ ಸಿ ನುಡಿಸುವಲ್ಲಿ ಕ್ಲಾರಿನೆಟ್ಟಿಗೆ ಡಿ ಬರೆಯಬೇಕು, ಟೆನರ್ ಹಾರ್ನಿಗೆ ಅದೇ ಜಾಗದಲ್ಲಿ ಎ. ಕಂಪ್ಯೂಟರ್ ಗುಂಡಿ ಒತ್ತಿದರೆ ಸ್ವರಗಳನ್ನೆಲ್ಲ ಬದಲಾಯಿಸಿ ಕೊಡುತ್ತದೆ, ನಿಜ. ಆದರೆ ಓಬೋ ಊದುವವನಿಗೆ ಸಲೀಸಾದ ತಿರುವು ಕ್ಲಾರಿನೆಟ್ಟಿನಲ್ಲಿ ಬೆರಳು ಮುರಿಯುವಂಥದ್ದಾದರೆ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ನಾನು ಬರೆಯುವುದು, ಭಾನುವಾರ ಕಾಪುವಿಗೆ ಒಯ್ಯುವುದು, ಮಾಸ್ಟ್ರು ನುಡಿಸಿ ನೋಡಿ, "ಇಲ್ಲಿ ಉಸಿರು ತೆಗೀಲಿಕ್ಕೆ ಜಾಗ ಇಲ್ಲ," ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು, ನಾನು ಬಂದು ತಿದ್ದುವುದು. ಹೀಗೆ ಐದು ತುಣುಕೂ ಮೂರು ಮೂರು ಸಲ ಬದಲಾದವು. ನಿಜ ಹೇಳಬೇಕೆಂದರೆ ಆ ಸಂಯೋಜನೆಯಲ್ಲಿ ಮೂರರಲ್ಲಿ ಒಂದು ಪಾಲು ಮಾಸ್ಟ್ರದ್ದೇ. ಕರಪತ್ರದಲ್ಲಿ ಅದು ಬರಲಿಲ್ಲ.

ಮೊದಲ ದೊಡ್ಡ ತೊಂದರೆ ಶ್ರುತಿಯದ್ದು. ಕ್ಲಾರಿನೆಟ್ಟುಗಳು ಮೂರೂ ಅಜ್ಜನ ಕಾಲದವು, ನನ್ನ ಕೀಬೋರ್ಡಿಗಿಂತ ಕಾಲು ಸ್ವರ ಮೇಲೆ. ಮಣಿಪಾಲದವರ ವಯಲಿನ್ ತಂತಿಗಳನ್ನು ಅಷ್ಟು ಬಿಗಿದರೆ ಪಟಪಟನೆ ಹರಿಯುತ್ತವೆ. ಕ್ಲಾರಿನೆಟ್ಟಿನ ಮೇಲಿನ ಗೆಣ್ಣನ್ನು ಸ್ವಲ್ಪ ಹೊರಗೆಳೆದು ಕೊಳವೆ ಉದ್ದ ಮಾಡಿದರೆ ಶ್ರುತಿ ಇಳಿಯುತ್ತದೆ, ಆದರೆ ಒಳಗೆ ಸಂದು ಬಿದ್ದು ಕೆಲವು ಸ್ವರಗಳು ಒಡೆಯುತ್ತವೆ. ಎರಡು ಭಾನುವಾರ ಅದರಲ್ಲೇ ಹೋಯಿತು. ಮೂರನೆಯ ವಾರ ಯುಫೋನಿಯಂ ನುಡಿಸುವವರು, ವೃತ್ತಿಯಲ್ಲಿ ಪ್ಲಂಬರ್, ಪಿವಿಸಿ ಪೈಪಿನಿಂದ ಮೂರು ಮಿಲಿಮೀಟರ್ ದಪ್ಪದ ಬಳೆಗಳನ್ನು ಕತ್ತರಿಸಿ, ಉಜ್ಜಿ ನಯ ಮಾಡಿ ತಂದರು. ಬಳೆಯನ್ನು ಸಂದಿಗೆ ಕೂರಿಸಿದಾಗ ಶ್ರುತಿ ಕೀಬೋರ್ಡಿಗೆ ಅಂಟಿಕೊಂಡು ನಿಂತಿತು. "ನಲ್ಲಿ ಸೋರುವುದು ನಿಲ್ಲಿಸಿದ ಹಾಗೇ ಟೀಚರ್, ಬೇರೆ ಎಂತ ಇಲ್ಲ," ಎಂದರು ಪ್ಲಂಬರ್. ಆ ದಿನ ಎಲ್ಲರೂ ಗೆದ್ದವರ ಹಾಗೆ ಚಹಾ ಕುಡಿದೆವು.

ಎರಡನೆಯ ವಿಷಯ ನನಗೆ ತೊಂದರೆಯೆಂದು ಅನ್ನಿಸಲೇ ಇಲ್ಲ. ಸ್ವರಲಿಪಿಯಲ್ಲಿ ಒಂದು ಭಾಗದ ಕೊನೆಗೆ ಜೋಡಿ ಗೆರೆ, ಅದರ ಪಕ್ಕ ಎರಡು ಚುಕ್ಕೆ ಇದ್ದರೆ, ಆ ಭಾಗವನ್ನು ಇನ್ನೊಮ್ಮೆ ನುಡಿಸಿ ಮುಂದೆ ಹೋಗಬೇಕು ಎಂದು ಅರ್ಥ. ಪ್ರಪಂಚದ ಯಾವ ಪುಸ್ತಕ ತೆಗೆದರೂ ಅಷ್ಟೇ. ಮಾಸ್ಟ್ರ ಬ್ಯಾಂಡಿನಲ್ಲಿ ಹಾಗಲ್ಲ. ಮದುವೆಯ ಮೆರವಣಿಗೆ ಎಷ್ಟು ಹೊತ್ತಿನದು ಎಂದು ಯಾರಿಗೂ ಗೊತ್ತಿರುವುದಿಲ್ಲ. ದಾರಿಯಲ್ಲಿ ಯಾರೋ ಫೋಟೋಕ್ಕೆ ನಿಲ್ಲಿಸುತ್ತಾರೆ, ಹೆಣ ಹೊತ್ತವರು ಭುಜ ಬದಲಾಯಿಸುತ್ತಾರೆ. ಆದ್ದರಿಂದ ಎರಡು ಚುಕ್ಕೆ ಬಂದಲ್ಲಿ ಅದೇ ಭಾಗವನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿರಬೇಕು. ಮುಂದಾಳು ಎಡಗೈ ಎತ್ತಿದರೆ ಮಾತ್ರ ಆ ಸುತ್ತು ಮುಗಿಸಿ ಮುಂದಿನ ಭಾಗಕ್ಕೆ. ಇನ್ನೊಮ್ಮೆ ಎತ್ತಿದರೆ ನೇರವಾಗಿ ಮುಕ್ತಾಯಕ್ಕೆ. ಮಾಸ್ಟ್ರು ಇದನ್ನು ನನಗೆ ಮೊದಲ ಭಾನುವಾರವೇ ನುಡಿಸಿ ತೋರಿಸಿದ್ದರು. ಕ್ಲಾರಿನೆಟ್ಟನ್ನು ಬಲಗೈ ಹೆಬ್ಬೆರಳಿನ ಮೇಲೆ ನಿಲ್ಲಿಸಿ, ಕ್ಷಣ ಊದುವುದು ಬಿಟ್ಟು ಎಡಗೈ ಮೇಲಕ್ಕೆ. ಏಳು ಜನ ಒಂದೇ ಮೈಯವರ ಹಾಗೆ ಮುಂದಿನ ಭಾಗಕ್ಕೆ ತಿರುಗಿದ್ದರು. "ಒಳ್ಳೇ ಉಪಾಯ ಮಾಸ್ಟ್ರೇ," ಎಂದು ನಕ್ಕು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಪುನರಾವರ್ತನೆಗಳನ್ನು ಪೂರ್ತಿಯಾಗಿ ಬರೆದುಬಿಡಬಹುದಿತ್ತು. ಆಗ ಪ್ರತಿಯೊಬ್ಬರ ಪ್ರತಿ ಎರಡರಷ್ಟು ಉದ್ದವಾಗುತ್ತದೆ, ಎರಡು ಕೈಯಲ್ಲೂ ವಾದ್ಯ ಹಿಡಿದವರು ನಡುವೆ ಪುಟ ತಿರುಗಿಸಲಾರರು. ಚುಕ್ಕೆ ಇಟ್ಟರೆ ಒಂದೊಂದು ತುಣುಕೂ ಎರಡೇ ಹಾಳೆಯಲ್ಲಿ ಹಿಡಿಯುತ್ತದೆ, ನೋಡಲಿಕ್ಕೂ ಅಂದ. ನಾನು ಚುಕ್ಕೆ ಇಟ್ಟೆ. ಕಾಪುವಿನ ಅಭ್ಯಾಸದಲ್ಲಿ ಎರಡನೆಯ ಸುತ್ತು ಮುಗಿಯುವಾಗ ನಾನು "ಮುಂದೆ!" ಎಂದು ಕೂಗುತ್ತಿದ್ದೆ, ಅವರು ಮುಂದೆ ಹೋಗುತ್ತಿದ್ದರು. ಎಲ್ಲ ಸುಸೂತ್ರ.

ಜುಲೈ ಕೊನೆಗೆ ಮಾಸ್ಟ್ರು ಕೇಳಿದರು, "ಟೀಚರ್, ಸ್ಟೇಜಿನಲ್ಲಿ ನೀವು ಕೂಗ್ಲಿಕ್ಕೆ ಆಗುದಿಲ್ಲ ಅಲ್ವಾ? ಅಲ್ಲಿ ಯಾರ ಕೈ ನೋಡುದು? ನನ್ನದಾ, ಡಾಕ್ಟ್ರದ್ದಾ?"

ನಾನು ಬಸ್ಸು ತಪ್ಪುತ್ತದೆಂದು ಚೀಲ ಹೆಗಲಿಗೇರಿಸಿ ಆಗಿತ್ತು. "ಡಾಕ್ಟ್ರ ಕೈ ನೋಡಿ ಮಾಸ್ಟ್ರೇ. ಎಲ್ಲ ಅವರೇ ತೋರಿಸ್ತಾರೆ," ಎಂದೆ. ಮಾಸ್ಟ್ರು ಹಿಂದೆ ತಿರುಗಿ ಅದನ್ನೇ ತುಳುವಿನಲ್ಲಿ ತಮ್ಮವರಿಗೆ ಹೇಳಿದರು. ತನ್ನ ಕೈಯನ್ನು ಇನ್ನು ಯಾರೂ ನೋಡಬಾರದು ಎಂದೂ ಸೇರಿಸಿದರು. ಐವತ್ತು ವರ್ಷದ ಅಧಿಕಾರವನ್ನು ಒಂದು ವಾಕ್ಯದಲ್ಲಿ ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಆ ಮನುಷ್ಯನ ಶಿಸ್ತು ನನಗೆ ಆಗ ಅರ್ಥವಾಗಲಿಲ್ಲ.

ಆಗಸ್ಟಿನಲ್ಲಿ ಮಣಿಪಾಲದಲ್ಲಿ ಮೂರು ಸಲ ಎಲ್ಲರೂ ಒಟ್ಟಿಗೆ ಅಭ್ಯಾಸ ಮಾಡಿದೆವು. ತೊಂದರೆಯೇನೂ ಕಾಣಿಸಲಿಲ್ಲ, ಅದಕ್ಕೆ ಕಾರಣ ಈಗ ಗೊತ್ತಿದೆ. ಡಾಕ್ಟರು ಬಲಗೈಯಲ್ಲಿ ಕೋಲು ಹಿಡಿದು ತಾಳ ತೋರಿಸುತ್ತಿದ್ದರು, ಎಡಗೈ ಸ್ವರಪುಸ್ತಕದ ಪುಟದ ಮೇಲೆ ಅಂಟಿಕೊಂಡೇ ಇರುತ್ತಿತ್ತು. ಪುನರಾವರ್ತನೆ ಬಂದಾಗಲೆಲ್ಲ "ಇನ್ನೊಮ್ಮೆ", "ಮುಂದೆ" ಎಂದು ಬಾಯಲ್ಲೇ ಹೇಳುತ್ತಿದ್ದರು. ಶೋಕದ ತುಣುಕಿನಲ್ಲಿ ಮಾಸ್ಟ್ರ ಕ್ಲಾರಿನೆಟ್ ಒಂಟಿಯಾಗಿ ಏಳುವ ಜಾಗ ಉಂಟು. ಅಲ್ಲಿ ಮುಂದಿನ ಸಾಲಿನ ವಯಲಿನ್ ಹುಡುಗಿಯರು ತಮ್ಮ ಹಾಳೆ ಬಿಟ್ಟು ಅವರ ಕಡೆ ನೋಡುತ್ತಿದ್ದರು. ಡಾಕ್ಟರು, "ಇದು, ಇದೇ ನನಗೆ ಬೇಕಾದ್ದು," ಎಂದು ನನ್ನ ಬೆನ್ನು ತಟ್ಟಿದರು.

ಕಾರ್ಕಳಕ್ಕೆ ಬ್ಯಾಂಡಿನವರು ಕಾಪುವಿನಿಂದ ಟೆಂಪೋ ಮಾಡಿಕೊಂಡು ಶಿರ್ವ, ಬೆಳ್ಮಣ್ ದಾಟಿ ಮಧ್ಯಾಹ್ನಕ್ಕೇ ಬಂದಿದ್ದರು. ಬಂಗಾರದ ಅಂಚಿನ ಕೆಂಪು ಕೋಟುಗಳನ್ನು ಡ್ರೈಕ್ಲೀನ್ ಮಾಡಿಸಿ ತಂದಿದ್ದರಂತೆ. ಡಾಕ್ಟರು ಕಪ್ಪು ಅಂಗಿಯೇ ಆಗಬೇಕೆಂದು ಹಿಂದಿನ ದಿನ ಹೇಳಿ ಕಳಿಸಿದ್ದರಿಂದ ಕೋಟು ಟೆಂಪೋದಲ್ಲೇ ಉಳಿಯಿತು. ವೇದಿಕೆಯ ಬಲಕ್ಕೆ ಎಂಟು ಕುರ್ಚಿ ಹಾಕಿತ್ತು. ಮಾಸ್ಟ್ರು ಎರಡು ಸಲ ಕೂತು ಎದ್ದು, ಕುರ್ಚಿಯನ್ನು ಅಂಗುಲದಷ್ಟು ಸರಿಸಿ, ಮತ್ತೆ ಕೂತರು. ನಾನು ಎಡಮೂಲೆಯಲ್ಲಿ ಕೀಬೋರ್ಡಿನ ಮುಂದೆ ಇದ್ದೆ, ಹಳೆಯ ಕಾಲದ ತಂತಿವಾದ್ಯದ ಧ್ವನಿಯಲ್ಲಿ ಆಧಾರ ಸ್ವರ ಹಿಡಿಯುವುದು ನನ್ನ ಪಾಲು. ಅಲ್ಲಿಂದ ಇಡೀ ವೇದಿಕೆ ಕಾಣುತ್ತಿತ್ತು.

ಡಾಕ್ಟರು ಬಂದು ನಿಂತು, ಸ್ವರಪುಸ್ತಕ ಇಟ್ಟಿದ್ದ ಸ್ಟ್ಯಾಂಡನ್ನು ಪಕ್ಕಕ್ಕೆ ತಳ್ಳಿದರು. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನನಗೆ ಆಗ ಗೌರವವೇ ಮೂಡಿತು.

ಪೀಠಿಕೆ, ಕುಣಿತ ಎರಡೂ ಚೆನ್ನಾಗಿಯೇ ದಾಟಿದವು. ಅವುಗಳ ವೇಗಕ್ಕೆ ಡಾಕ್ಟರು ಬಲಗೈ ಬಿಟ್ಟು ಬೇರೆ ಆಡಿಸಲಿಲ್ಲ. ಪುನರಾವರ್ತನೆಯ ಕೊನೆಗೆ ಅವರು ಗದ್ದ ಎತ್ತಿದ್ದನ್ನೇ ಮಾಸ್ಟ್ರು ಸನ್ನೆ ಎಂದುಕೊಂಡು ತಮ್ಮವರನ್ನು ಹೇಗೋ ಎಳೆದುಕೊಂಡು ಹೋದರಂತೆ. ಮೂರನೆಯದು ಶೋಕ. ಮೊದಲ ಭಾಗ ಹದಿನಾರು ಅಳತೆ, ಅಂದರೆ ತಾಳದ ಹದಿನಾರು ಆವರ್ತ, ಕೊನೆಗೆ ಎರಡು ಚುಕ್ಕೆ. ಹನ್ನೆರಡನೆಯ ಅಳತೆಯಲ್ಲಿ ಡಾಕ್ಟರ ಎಡಗೈ ಮೆಲ್ಲಗೆ ಮೇಲೆ ಬಂತು. ಅಂಗೈ ಆಕಾಶಕ್ಕೆ, ಬೆರಳುಗಳು ಸಣ್ಣಗೆ ನಡುಗುತ್ತ. ವಯಲಿನ್‌ಗಳು ಇನ್ನಷ್ಟು ತುಂಬಿ ಬರಲಿ ಎಂಬ ಸನ್ನೆ ಅದು, ಸಂಗೀತ ಮೇಳ ನಡೆಸುವವರೆಲ್ಲ ಮಾಡುವಂಥದ್ದೇ. ಎಂಟು ಜೊತೆ ಕಣ್ಣು ಆ ಕೈಯನ್ನು ನೋಡಿದ್ದನ್ನು ನಾನು ನೋಡಿದೆ. ನಾಲ್ಕು ಅಳತೆಯಲ್ಲಿ ನಾನು ಮಾಡುವಂಥದ್ದು ಏನೂ ಇರಲಿಲ್ಲ.

ವಯಲಿನ್‌ನವರು ಮೊದಲ ಭಾಗಕ್ಕೆ ಹಿಂತಿರುಗಿದರು, ಬ್ಯಾಂಡಿನವರು ಎರಡನೆಯ ಭಾಗಕ್ಕೆ ಹೊರಟರು. ಎರಡು ಮನೆಯ ಹೆಣಗಳು ಒಂದೇ ಓಣಿಯಲ್ಲಿ ಎದುರಾದ ಹಾಗಾಯಿತು. ಡಾಕ್ಟರು ಗಾಬರಿಯಿಂದ ಬ್ಯಾಂಡಿನ ಕಡೆ ತಿರುಗಿ, ತಡೆಯಲೆಂದು ಎಡಗೈಯನ್ನು ಇನ್ನೊಮ್ಮೆ ಎತ್ತಿದರು. ಬ್ಯಾಂಡಿನ ಲೆಕ್ಕದಲ್ಲಿ ಅದು ಎರಡನೆಯ ಸನ್ನೆ. ಎಂಟೂ ಜನ ನೇರ ಮುಕ್ತಾಯಕ್ಕೆ ಹಾರಿ, ಕೊನೆಯ ಸ್ವರವನ್ನು ಒಂದಿಷ್ಟೂ ಅಲುಗದಂತೆ ಹಿಡಿದು, ಒಟ್ಟಿಗೆ ನಿಲ್ಲಿಸಿ, ವಾದ್ಯಗಳನ್ನು ಮಡಿಲಲ್ಲಿಟ್ಟು ಬೆನ್ನು ನೇರ ಮಾಡಿ ಕೂತರು. ಆ ಸಂಜೆ ಅಷ್ಟು ಶುದ್ಧವಾಗಿ ಬೇರೆ ಯಾವುದೂ ಕೇಳಿರಲಿಲ್ಲ. ಹಿಂದಿನ ಸಾಲಿನವರು ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ವಯಲಿನ್‌ಗಳು ಒಂದೊಂದಾಗಿ ನಿಂತುಹೋದವು. ಆಮೇಲೆ ನಗು ಶುರುವಾಯಿತು.

ಶೋಕವನ್ನು ಅಲ್ಲಿಗೇ ಬಿಟ್ಟು ಬೇಟೆ, ಮದುವೆ ನುಡಿಸಿದೆವು. ಬ್ಯಾಂಡಿನವರು ಇನ್ನು ಯಾವ ಸನ್ನೆಯನ್ನು ನಂಬಬೇಕೆಂದು ತಿಳಿಯದೆ ಹೆದರಿ ಹೆದರಿ ಊದಿದರು. ಮದುವೆಯ ಕುಣಿತ ಮದುವೆಯ ಬ್ಯಾಂಡಿನವರ ಬಾಯಲ್ಲಿ ಅಷ್ಟು ಸಪ್ಪೆಯಾದದ್ದನ್ನು ನಾನು ಎಂದೂ ಕೇಳಿಲ್ಲ.

ಪಕ್ಕದ ತರಗತಿಯೊಂದರಲ್ಲಿ ವಾದ್ಯಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆವು. ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. ಮುಖ ಕೆಂಪಾಗಿತ್ತು. ಬ್ಯಾಂಡಿನವರು ಅಲ್ಲೇ ಇದ್ದರು, ಆದರೂ ಡಾಕ್ಟರು ನನ್ನೊಡನೆ ಮಾತ್ರ ಮಾತಾಡಿದರು.

"ಎಂತ ಟೀಚರ್ ಇದು? ಇವರಿಗೆ ಓದ್ಲಿಕ್ಕೆ ಬರುದಿಲ್ಲ. ಕಿವಿಯಲ್ಲಿ ಕೇಳಿ ಹೊಡೆಯುವವರು. ನೀವು ಮೊದಲೇ ಹೇಳ್ಬೇಕಿತ್ತು ಅಲ್ವಾ?"

ಪ್ಲಂಬರ್ ಬಾಯಿ ತೆರೆದರು. ಮಾಸ್ಟ್ರು ಅವರ ತೋಳು ಮುಟ್ಟಿ ಸುಮ್ಮನಿರಿಸಿ, ನನ್ನ ಕಡೆ ನೋಡಿದರು. ಅದು ದೂರುವ ನೋಟವಾಗಿರಲಿಲ್ಲ. ಇದಕ್ಕೆ ಉತ್ತರ ಗೊತ್ತಿರುವವಳು ನೀನು, ಹೇಳು ಎಂಬಂತೆ ಕಾಯುವ ನೋಟ.

ನಾನು ಕೀಬೋರ್ಡಿನ ವಯರು ಸುತ್ತುತ್ತಿದ್ದೆ. ಹೇಳಲಿಕ್ಕೆ ಮೂರು ವಾಕ್ಯ ಸಾಕಿತ್ತು. ಅವರು ನಿಮ್ಮ ಕೈಗೆ ತಲೆಬಾಗಿದರು, ಓದಲು ಅವರಿಗೆ ನಿಮ್ಮ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಬರುತ್ತದೆ, ತಪ್ಪು ನನ್ನ ಬರವಣಿಗೆಯದ್ದು. ಆದರೆ ಆಗಷ್ಟೇ ವಯಲಿನ್ ಹುಡುಗಿಯೊಬ್ಬಳ ತಂದೆ ನನ್ನ ಸಂಯೋಜನೆಯನ್ನು ಹೊಗಳಿ ಹೋಗಿದ್ದರು. ಮಣಿಪಾಲದ ಕರಪತ್ರ ಅಚ್ಚಿಗೆ ಹೋಗಿತ್ತು. "ಟೆಂಪೋ ಬಂತು, ಹೊರಡುವ," ಎಂದೆ. ನಾಚಿಕೆಗೇಡು. ಇವತ್ತಿಗೂ ಆ ವಾಕ್ಯ ನೆನಪಾದರೆ ನನಗೆ ನನ್ನ ಬಾಯಿಯ ಮೇಲೆ ಸಿಟ್ಟು ಬರುತ್ತದೆ.

ಅದು ಭಾನುವಾರ. ಸೋಮವಾರದಿಂದ ನಾನು ದಿನಾ ಬೆಳಿಗ್ಗೆ, ಇವತ್ತು ಡಾಕ್ಟರಿಗೆ ಹೇಳುತ್ತೇನೆ ಎಂದುಕೊಳ್ಳುವುದು, ಮಕ್ಕಳ ಪಾಠ ಮುಗಿಯುವಷ್ಟರಲ್ಲಿ ನಾಳೆಗೆ ಹಾಕುವುದು. ಕೆಲಸ ಇದ್ದದ್ದು ಇಷ್ಟೇ, ಚುಕ್ಕೆಗಳನ್ನು ತೆಗೆದು ಎಲ್ಲವನ್ನೂ ಪೂರ್ತಿ ಬರೆಯುವುದು. ಆದರೆ ಚುಕ್ಕೆ ತೆಗೆದ ಪ್ರತಿ ಕೊಟ್ಟರೆ, ಯಾಕೆ ತೆಗೆದಿರಿ ಎಂದು ಅವರು ಕೇಳುತ್ತಾರೆ. ನಾನು ಕಂಪ್ಯೂಟರಿನಲ್ಲಿ ಆ ಕಡತ ತೆರೆದು, ನೋಡಿ, ಮುಚ್ಚುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಡಾಕ್ಟರದೇ ಫೋನ್ ಬಂತು.

"ಮಣಿಪಾಲದಲ್ಲಿ ಹೀಗಾದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು ಟೀಚರ್? ನಾನು ತುಂಬಾ ಯೋಚನೆ ಮಾಡಿದೆ. ನಿಮ್ಮ ಕೀಬೋರ್ಡಿನಲ್ಲಿ ಓಬೋ ಸೌಂಡ್ ಉಂಟಲ್ವಾ?"

"ಉಂಟು."

"ಬಸೂನ್? ಹಾರ್ನ್?"

"ಅದೂ ಉಂಟು."

"ಮತ್ತೆ ಎಂತಕ್ಕೆ ತಲೆಬಿಸಿ? ನೀವೇ ನುಡಿಸಿಬಿಡಿ. ಬ್ಯಾಂಡಿನವರಿಗೆ ನೀವೇ ಒಂದು ಮಾತು ಹೇಳಿ, ನಿಮ್ಮದು ಗುರ್ತ ಅಲ್ವಾ."

"ಆಯ್ತು ಡಾಕ್ಟ್ರೇ," ಎಂದೆ.

ಕಾಪುವಿಗೆ ಹೋಗಿ ಹೇಳುವಷ್ಟು ಮುಖವಿಲ್ಲದೆ ಅವತ್ತೇ ಮಾಸ್ಟ್ರಿಗೆ ಫೋನ್ ಮಾಡಿ, ಮಣಿಪಾಲಕ್ಕೆ ಬರುವುದು ಬೇಡ ಎಂದೆ. ಮಣಿಪಾಲದ ವೇದಿಕೆ ಚಿಕ್ಕದು, ಜಾಗ ಸಾಲುವುದಿಲ್ಲವಂತೆ ಎಂದು ಒಂದು ಸುಳ್ಳನ್ನೂ ಸೇರಿಸಿದೆ. ಮಾಸ್ಟ್ರು, "ಆಯ್ತು. ಉಳಿದವರಿಗೆ ನಾನೇ ಹೇಳ್ತೇನೆ," ಎಂದಷ್ಟೇ ಹೇಳಿ ಇಟ್ಟರು.

ಮಣಿಪಾಲದ ಕಾರ್ಯಕ್ರಮ ಯಾವ ಎಡವಟ್ಟೂ ಇಲ್ಲದೆ ನಡೆಯಿತು. ಎರಡು ಕೀಬೋರ್ಡುಗಳನ್ನು ಒಂದರ ಮೇಲೊಂದು ಇಟ್ಟು, ಬಲಗೈಯಲ್ಲಿ ಓಬೋ, ಎಡಗೈಯಲ್ಲಿ ಬಸೂನ್, ಗುಂಡಿ ಒತ್ತಿ ಹಾರ್ನ್. ಶೋಕದ ಹನ್ನೆರಡನೆಯ ಅಳತೆಯಲ್ಲಿ ಡಾಕ್ಟರ ಎಡಗೈ ಎದ್ದಿತು, ವಯಲಿನ್‌ಗಳು ತುಂಬಿ ಬಂದವು. ಕ್ಲಾರಿನೆಟ್ ಒಂಟಿಯಾಗಿ ಏಳಬೇಕಾದ ಜಾಗದಲ್ಲಿ ನಾನು ನುಡಿಸಿದೆ. ಉಸಿರೇ ಬೇಡದ ಸ್ವರ, ಎಷ್ಟು ಹೊತ್ತು ಒತ್ತಿದರೂ ದಣಿಯುವುದಿಲ್ಲ. ಸಭಾಂಗಣದಲ್ಲಿ ಆರುನೂರು ಜನ ಇದ್ದಿರಬೇಕು. ಒಬ್ಬರೂ ಕೆಮ್ಮಲಿಲ್ಲ. ಮಾಸ್ಟ್ರು ಕೇಳಿದ್ದ ಮೌನ ಅದು, ನನಗೆ ಸಿಕ್ಕಿತು. ಮುಗಿದ ಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿ ಶಾಲು ಹೊದಿಸಿದರು.

ಇಷ್ಟಾದ ಮೇಲೆ ನನಗೆ ಕಾಪುವಿಗೆ ಹೋಗುವ ಬುದ್ಧಿ ಬಂತು. ಹತ್ತು ದಿನ ಕಳೆದಿತ್ತು. ಬ್ಯಾಂಡ್ ರೂಮಿನ ಬಾಗಿಲು ತೆರೆದಿತ್ತು, ಮಾಸ್ಟ್ರು ಒಬ್ಬರೇ ಮೇಜಿನ ಮುಂದೆ ಕೂತು ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದರು. ಕ್ಲಾರಿನೆಟ್ ಎಲ್ಲೂ ಕಾಣಲಿಲ್ಲ. ಮಾತಾಡುವಾಗ ಅವರು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ನಿಂತೇ ಎಲ್ಲವನ್ನೂ ಒಪ್ಪಿಸಿದೆ. ಚುಕ್ಕೆಯದ್ದು, ಕೈಯದ್ದು, ಜಾಗ ಸಾಲದೆಂದು ಹೇಳಿದ ಸುಳ್ಳು.

"ನನಗೆ ಸ್ಟೇಜಿನಲ್ಲೇ ಗೊತ್ತಾಗಿತ್ತು ಟೀಚರ್," ಎಂದರು ಮಾಸ್ಟ್ರು. ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಮುಗಿಸಿ ಕೂತ್ಕೊಂಡಾಗ ಡಾಕ್ಟ್ರ ಮುಖ ನೋಡಿದೆ. ಆಗ್ಲೇ ಗೊತ್ತಾಯ್ತು."

"ಹಾಗಾದ್ರೆ ಅಲ್ಲೇ ಯಾಕೆ ಹೇಳ್ಲಿಲ್ಲ ಮಾಸ್ಟ್ರೇ? ಅವರು ನಿಮಗೆ ಓದ್ಲಿಕ್ಕೆ ಬರುದಿಲ್ಲ ಅಂದ್ರು."

"ನಾನು ಹೇಳಿದ್ರೆ ಬ್ಯಾಂಡಿನವ ನೆಪ ಹೇಳ್ತಾನೆ ಅಂತ ಆಗ್ತಿತ್ತು. ನೀವು ಹೇಳಿದ್ರೆ ವಿಷಯ ಆಗ್ತಿತ್ತು." ಅವರು ಎದ್ದು ಕಪಾಟಿನಿಂದ ಒಂದು ಕಟ್ಟು ತಂದು ಮೇಜಿನ ಮೇಲಿಟ್ಟರು. "ಇದು ನಿಮ್ಮ ಕೆಲಸ. ನಾನು ಮಾಡಿಟ್ಟಿದ್ದೆ. ತಕ್ಕೊಂಡು ಹೋಗಿ, ಇಲ್ಲಿ ಇದ್ರೆ ಗೆದ್ದಲು ತಿನ್ತದೆ."

ಬಿಚ್ಚಿ ನೋಡಿದೆ. ಎಂಟು ಪ್ರತಿ, ನೀಲಿ ಬಾಲ್‌ಪೆನ್ನಿನಲ್ಲಿ ಕೈಬರಹ. ಐದು ತುಣುಕುಗಳ ಪ್ರತಿಯೊಂದು ಪುನರಾವರ್ತನೆಯನ್ನೂ ಪೂರ್ತಿಯಾಗಿ ಬಿಡಿಸಿ ಬರೆದಿದ್ದರು, ಎಲ್ಲೂ ಒಂದು ಚುಕ್ಕೆಯಿಲ್ಲ. ಪುಟ ತಿರುಗಿಸುವ ಕಷ್ಟ ಬಾರದಂತೆ ಸ್ವರಗಳನ್ನು ಚಿಕ್ಕದಾಗಿಸಿ, ನಾಲ್ಕು ನಾಲ್ಕು ಹಾಳೆಗಳನ್ನು ಬದಿಗೆ ಅಂಟಿಸಿ, ಸ್ಟ್ಯಾಂಡಿನ ಮೇಲೆ ಹರಡುವ ಹಾಗೆ ಮಡಚಿದ್ದರು. ಒಂದು ಸ್ವರ ತಪ್ಪಿರಲಿಲ್ಲ. ಶೋಕದ ಹನ್ನೆರಡನೆಯ ಅಳತೆಯ ಮೇಲೆ ಎಂಟೂ ಪ್ರತಿಗಳಲ್ಲಿ ಒಂದೇ ಸೂಚನೆ ಇತ್ತು: ಇಲ್ಲಿ ಕೈ ಏಳುತ್ತದೆ, ನಮಗಲ್ಲ.

"ಯಾವಾಗ ಬರೆದದ್ದು ಮಾಸ್ಟ್ರೇ?"

"ಕಾರ್ಕಳದಿಂದ ಬಂದ ಮರುದಿನ ಶುರು ಮಾಡಿದೆ. ಬುಧವಾರ ಮುಗೀತು. ಗುರುವಾರ ಎಲ್ಲರೂ ಸೇರಿ ಎರಡು ಸಲ ನುಡಿಸಿಯೂ ಆಯ್ತು." ಅವರು ಮತ್ತೆ ಡ್ರಮ್ಮಿನ ಕಡೆ ತಿರುಗಿದರು. "ನಿಮ್ಮ ಫೋನ್ ಬರ್ತದೆ ಅಂತ ಇದ್ದೆ. ಶುಕ್ರವಾರ ಬಂತು."

ಕಾಪು ಬಸ್ ನಿಲ್ದಾಣದಲ್ಲಿ ನಿಂತೇ ಡಾಕ್ಟರಿಗೆ ಫೋನ್ ಮಾಡಿದೆ. ಈ ಸಲ ಏನನ್ನೂ ಬಿಡದೆ, ಯಾವುದನ್ನೂ ನುಣ್ಣಗೆ ಮಾಡದೆ ಹೇಳಿದೆ. ಚುಕ್ಕೆಗೆ ಅವರಲ್ಲಿ ಏನು ಅರ್ಥ, ಅದು ನನಗೆ ಗೊತ್ತಿತ್ತು, ತರಗತಿಯಲ್ಲಿ ನೀವು ಅವರನ್ನು ಅಂದಾಗ ನಾನು ಬೇಕೆಂದೇ ಸುಮ್ಮನಿದ್ದೆ, ಮಾಸ್ಟ್ರು ಎಂಟು ಪ್ರತಿ ಕೈಯಲ್ಲಿ ಬರೆದಿಟ್ಟಿದ್ದರು, ಎಲ್ಲ. ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು.

"ಹೌದಾ? ಪಾಪ," ಎಂದರು. ಆಮೇಲೆ, "ಆದ್ರೂ ಟೀಚರ್, ಕೀಬೋರ್ಡಿನಲ್ಲಿ ಒಳ್ಳೇದೇ ಬಂತಲ್ವಾ?"

ಉಡುಪಿಯ ಬಸ್ಸು ಬಂದು ನಿಂತಿತ್ತು. ಕಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ಹತ್ತಿದೆ.

"ಬಂತು ಡಾಕ್ಟ್ರೇ," ಎಂದೆ.